ಹಳೆಯ ಡ್ರೈವ್ ಬಿಚ್ಚಿದ ದಿನ

ಹೊಸ ಡ್ರೈವಿನ ಪುಟ್ಟ ಪರದೆಯ ಮೇಲೆ ನಕಲು ಮುಗಿಯಿತು ಎಂದು ಬಂದಾಗ ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅಷ್ಟು ಸುಲಭಕ್ಕೆ ಮುಗಿಯುವ ಕೆಲಸ ಅದಾಗಿರಲಿಲ್ಲ.

ಡ್ರೈವ್ ಅಂದರೆ ಬೇರೇನಲ್ಲ, ಕರೆಂಟಿಗೂ ಮೋಟಾರಿಗೂ ನಡುವೆ ಕೂರುವ ಒಂದು ಪೆಟ್ಟಿಗೆ. ಮೋಟಾರು ಎಷ್ಟು ವೇಗವಾಗಿ ತಿರುಗಬೇಕು, ಎಷ್ಟು ಮೆಲ್ಲಗೆ ಹೊರಡಬೇಕು, ಹೇಗೆ ನಿಲ್ಲಬೇಕು, ಎಲ್ಲವನ್ನೂ ಅದೇ ಹೇಳುತ್ತದೆ. ಏನು ಹೇಳಬೇಕೆಂಬುದನ್ನು ಅದರೊಳಗೆ ಮೊದಲೇ ತುಂಬಿಸಿಡಬೇಕು. ನಮ್ಮ ಮಿಲ್ಲಿನಲ್ಲಿ ಬಟ್ಟೆ ಸುತ್ತುವ ಯಂತ್ರವೊಂದಿದೆ. ಅದರ ಡ್ರೈವಿಗೆ ತುಂಬಿಸಿದವರು ಆ ಯಂತ್ರ ಮಾಡಿ ಮಾರಿದ ಕಂಪನಿಯವರು. ತುಂಬಿಸಿ, ಬೇರೆ ಯಾರೂ ನಕಲು ಮಾಡಬಾರದೆಂದು ಪಾಸ್‌ವರ್ಡ್ ಜಡಿದು ಹೋದರು. ಆಮೇಲೆ ಆ ಕಂಪನಿಯೇ ಬಾಗಿಲು ಹಾಕಿಕೊಂಡಿತು. ಪಾಸ್‌ವರ್ಡ್ ಯಾರ ತಲೆಯಲ್ಲಿದೆಯೋ, ಆ ತಲೆ ಯಾವ ಊರಿನಲ್ಲಿದೆಯೋ ದೇವರೇ ಬಲ್ಲ.

ಹಳೆಯ ಡ್ರೈವು ಕೆಲವು ವಾರಗಳಿಂದ ಕಾದು ಕಾದು ನಿಂತುಬಿಡುತ್ತಿತ್ತು. ಮುಟ್ಟಿದರೆ ಕಾವಲಿ. ಪಕ್ಕದಲ್ಲಿ ಫ್ಯಾನ್ ಇಟ್ಟೆ, ಧೂಳು ಊದಿದೆ, ಬೈದೆ. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಮ್ಯಾನೇಜರ್ ಹೊಸದನ್ನು ತರಿಸಿದರು. ಅದರ ಜೊತೆ ಡ್ರೈವ್ ಅಂಗಡಿಯ ಇಂಜಿನಿಯರ್ ಬಂದ. ನನ್ನ ವಯಸ್ಸಿನವನೇ, ದಪ್ಪ ಕನ್ನಡಕ, ಮಾತು ಕಡಿಮೆ. ಹಳೆಯ ಡ್ರೈವಿನಲ್ಲಿದ್ದದ್ದನ್ನು ಅದರ ಮುಖದ ಮೇಲಿನ ಗುಂಡಿಗಳ ಕೀಪ್ಯಾಡಿಗೆ ಎತ್ತಿಕೊಂಡು, ಅದನ್ನು ಕಳಚಿ ಹೊಸದಕ್ಕೆ ಸಿಕ್ಕಿಸಿ ಇಳಿಸಿದ.

"ಎಲ್ಲಾ ಬಂತಾ?" ಎಂದೆ.

"ಬರೋದೆಲ್ಲ ಬಂತು."

"ಅಂದ್ರೆ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಕೆಲವಕ್ಕೆ ಅವರು ಬೀಗ ಹಾಕಿದಾರೆ. ಅವು ಬರಲ್ಲ. ಆ ಜಾಗದಲ್ಲಿ ಹೊಸ ಪೆಟ್ಟಿಗೆಗೆ ಫ್ಯಾಕ್ಟರೀಲಿ ಏನು ಹಾಕಿರ್ತಾರೋ ಅದೇ ಇರುತ್ತೆ."

"ಯಾವುದಕ್ಕೆ ಬೀಗ ಹಾಕಿದಾರೆ?"

"ಅದೂ ಬೀಗದೊಳಗೇ ಇದೆ."

"ಮತ್ತೆ ಮುಗೀತು ಅಂತ ಯಾಕೆ ತೋರಿಸ್ತಿದೆ ಈ ದರಿದ್ರದ್ದು?"

"ಅದರ ಕೆಲಸ ಅದಕ್ಕೆ ಮುಗೀತಲ್ಲ," ಎಂದ. ತಮಾಷೆ ಮಾಡಿದನೋ ನಿಜ ಹೇಳಿದನೋ ಗೊತ್ತಾಗಲಿಲ್ಲ. ನನ್ನನ್ನು ಮಿಲ್ಲಿನಲ್ಲಿ ಶಾರ್ಟ್ ಸರ್ಕೀಟ್ ಅಂತಲೇ ಕರೆಯುವುದು. ಎಲೆಕ್ಟ್ರಿಷಿಯನ್ ಅನ್ನುವುದಕ್ಕಲ್ಲ, ಬೇಗ ಕಿಡಿ ಹಾರುತ್ತದೆ ಅನ್ನುವುದಕ್ಕೆ. ಅವತ್ತು ಮಾತ್ರ ಕಿಡಿಗಿಂತ ಮೊದಲು ಬೆವರು ಬಂತು. ಆ ಯಂತ್ರದ ಮೇಲೆ ಕೆಲಸ ಮಾಡುವವಳು ನನ್ನ ತಂಗಿ.

ಕೆಲಸ ಏನೆಂದರೆ, ಬಟ್ಟೆ ಹಿಂದಿನ ಉರುಳೆಗಳ ನಡುವಿನಿಂದ ಬಿಗಿಯಾಗಿ ಬಂದು ದೊಡ್ಡ ರೋಲಿಗೆ ಸುತ್ತಿಕೊಳ್ಳುತ್ತದೆ. ರೋಲಿನ ಕೆಳಗೆ ಅದನ್ನು ಒತ್ತಿ ಹಿಡಿಯುವ ಕಬ್ಬಿಣದ ಉರುಳೆ. ಸುತ್ತುತ್ತಿರುವಾಗ ಬಟ್ಟೆಯ ಅಂಚು ಒಳಕ್ಕೆ ಸುರುಳಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಆ ಮಡಿಕೆ ರೋಲಿನೊಳಗೆ ಹೂತುಹೋಗಿ ಗೆರೆ ಕೂರುತ್ತದೆ, ಇಸ್ತ್ರಿಗೂ ಹೋಗುವುದಿಲ್ಲ. ಅದಕ್ಕೆ ನಮ್ಮಲ್ಲಿ ಪೆಡಲ್ ಒತ್ತಿ ಯಂತ್ರ ನಿಲ್ಲಿಸಿ, ರೋಲಿಗೂ ಉರುಳೆಗೂ ನಡುವಿನ ಸಂದಿಗೆ ಮುಂದಿನ ಕಡೆಯಿಂದ ಕೈ ತೂರಿಸಿ, ಅಂಗೈಯಲ್ಲಿ ಸವರಿ ಅಂಚನ್ನು ಮಲಗಿಸುತ್ತಾರೆ. ಅಂಚು ಕೂರಿಸುವುದು ಅನ್ನುತ್ತೇವೆ. ಅದೇ ಪೆಡಲನ್ನು ಮತ್ತೊಮ್ಮೆ ಒತ್ತಿದರೆ ಯಂತ್ರ ಹೊರಡುತ್ತದೆ. ಯಾವ ಪುಸ್ತಕದಲ್ಲೂ ಇದು ಬರೆದಿಲ್ಲ. ಸಂದಿಗೆ ಅಡ್ಡವಾಗಿದ್ದ ಜಾಲರಿ ಬಾಗಿಲು ಮುಚ್ಚಿದರೆ ಕೈ ಹೋಗುವುದಿಲ್ಲವೆಂದು ಅದನ್ನು ಯಾವ ಕಾಲದಲ್ಲೋ ಕಳಚಿಟ್ಟಿದ್ದಾರೆ. ಮ್ಯಾನೇಜರಿಗೆ ಗೊತ್ತು. ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ.

ಆ ಸಂದಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ರೋಲು ಮುಂದಕ್ಕೆ ತಿರುಗಿದರೆ ಕೈಯನ್ನು ಹೊರಕ್ಕೆ ತಳ್ಳುತ್ತದೆ. ಹಿಂದಕ್ಕೆ ತಿರುಗಿದರೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹಳೆಯ ಡ್ರೈವಿನಲ್ಲಿ ಅದು ಒಂದು ದಿನವೂ ಹಿಂದಕ್ಕೆ ತಿರುಗಿರಲಿಲ್ಲ.

ನಾನೂ ಇಂಜಿನಿಯರನೂ ಹೊಸದನ್ನು ಓಡಿಸಿ ನೋಡಿದೆವು. ಖಾಲಿ ರೋಲಿನಲ್ಲಿ ಓಡಿಸಿದೆವು, ನಿಲ್ಲಿಸಿದೆವು. ಒಂದಿಷ್ಟು ಬಟ್ಟೆ ಸುತ್ತಿ ಓಡಿಸಿದೆವು, ನಿಲ್ಲಿಸಿದೆವು. ಪೆಡಲ್ ಒತ್ತಿದ ಕೂಡಲೇ ಹಳೆಯದರಂತೆಯೇ ಮೆಲ್ಲಗಾಗಿ, ಜರ್ಕು ಇಲ್ಲದೆ ನಿಂತಿತು. ನಿಂತಲ್ಲಿಂದ ಮತ್ತೆ ಹೊರಡುವುದೂ ಹಾಗೇ. ತಪ್ಪು ಹುಡುಕೋಣವೆಂದರೆ ಒಂದೂ ಸಿಗುತ್ತಿಲ್ಲ. ಸಿಗದಷ್ಟೂ ನಾನು ಮತ್ತೆ ಮತ್ತೆ ಓಡಿಸಿದೆ.

"ಸರಿಯಾಗಿದೆಯಲ್ಲ," ಎಂದರು ಮ್ಯಾನೇಜರ್. "ಗೇಟಿನಲ್ಲಿ ಲಾರಿ ನಿಂತಿದೆ. ಶುರು ಮಾಡಿಸಿ."

"ಏನು ಬಂದಿಲ್ಲ ಅಂತ ಗೊತ್ತಾಗದೆ ಹೇಗೆ ಶುರು ಮಾಡಿಸೋದು?"

"ಬರದೇ ಇದ್ದದ್ದು ಬೇಡದೇ ಇರೋದೇ ಇರಬೇಕು. ಓಡ್ತಾ ಇದೆಯಲ್ಲ."

"ಬೇಡದೇ ಇರೋದಕ್ಕೆ ಯಾರಾದರೂ ಬೀಗ ಹಾಕ್ತಾರಾ?"

ಅವರು ಗೇಟಿನಲ್ಲಿದ್ದ ಲಾರಿಯ ಕಡೆ ಕೈ ತೋರಿಸಿದರು.

ಮಧ್ಯಾಹ್ನದ ಪಾಳಿಗೆ ತಂಗಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂದಲಿಗೆ ಬಟ್ಟೆ ಕಟ್ಟಿಕೊಂಡು, ಹೊಸ ಪೆಟ್ಟಿಗೆಯನ್ನು ಮದುವೆಗೆ ನೋಡಲು ಬಂದ ಗಂಡಿನಂತೆ ಮೇಲಿಂದ ಕೆಳಗೆ ನೋಡಿದಳು.

"ಚಿಕ್ಕದಾಗಿದೆ. ಇದಕ್ಕೆ ತಾಕತ್ತು ಇದೆಯಾ?"

"ಇವತ್ತು ಕೈ ಹಾಕಬೇಡ," ಎಂದೆ. "ಮರದ ಪಟ್ಟಿಯಲ್ಲಿ ಅಂಚು ಕೂರಿಸು."

"ಪಟ್ಟೀಲಿ ಕೂರುತ್ತಾ ಅದು? ನೀನೇ ಒಂದು ಸಲ ಕೂರಿಸಿ ತೋರಿಸು, ಕಾಲಿಗೆ ಬೀಳ್ತೀನಿ."

"ಹೇಳಿದಷ್ಟು ಕೇಳು."

"ಏನಾಗಿದೆ ಇದಕ್ಕೆ?"

"ಏನೂ ಆಗಿಲ್ಲ."

"ಏನೂ ಆಗಿಲ್ಲ ಅಂದ್ರೆ ಯಾಕೆ ಕೈ ಹಾಕಬಾರದು?" ಬಟ್ಟೆ ಮಡಿಸುವ ಮೇಜಿನ ಹೆಂಗಸರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು, "ನೋಡ್ರೇ, ನಮ್ಮಣ್ಣನಿಗೆ ಕನಸು ಬಿದ್ದಿದೆ."

ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕರು. ನನ್ನ ತಂಗಿ ಸುತ್ತಿದ ರೋಲನ್ನು ಕೊಳ್ಳುವವರು ಬಿಚ್ಚಿ ನೋಡುವುದಿಲ್ಲ, ಬದಿಯಿಂದ ನೋಡಿ ಒಪ್ಪಿಕೊಳ್ಳುತ್ತಾರೆ. ಆ ಸೊಕ್ಕು ಅವಳಿಗೆ ಇದ್ದೇ ಇದೆ. ಇರಬೇಕಾದದ್ದೇ. ಆದರೆ ಈ ಮಿಲ್ಲಿಗೆ ಅವಳನ್ನು ಕರೆತಂದು ನಿಲ್ಲಿಸಿದವನು ನಾನು. ಗಂಡ ಹೋದ ಮೇಲೆ ಆ ಎರಡು ಕೈಗಳಲ್ಲೇ ಅವಳು ಮನೆ ನಡೆಸುತ್ತಿರುವುದು. ಏನಾದರೂ ಆದರೆ ಅವಳ ಮಗಳ ಮುಖ ನೋಡುವುದು ಹೇಗೆ, ಮನೆಯಲ್ಲಿ ಹೆಂಡತಿಗೆ ಏನೆಂದು ಹೇಳುವುದು, ಎಂದು ಎಲ್ಲ ಒಟ್ಟಿಗೆ ತಲೆಗೆ ನುಗ್ಗಿತು.

ಅವಳು ಪೆಡಲ್ ಮೇಲೆ ಕಾಲಿಟ್ಟಳು. ಯಂತ್ರ ಹೊರಟಿತು. ಬಟ್ಟೆ ಸರಸರ ಸುತ್ತಿಕೊಂಡಿತು. ನಾನು ಯಂತ್ರವನ್ನು ಥಟ್ಟನೆ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ನಿಂತೆ. ನಿಲ್ಲಿಸಿದಳು, ಕೈ ತೂರಿಸಿದಳು, ಸವರಿದಳು, ತೆಗೆದಳು. ಏನೂ ಆಗಲಿಲ್ಲ. ಇನ್ನೊಂದು ಸಲ. ಮತ್ತೊಂದು ಸಲ. ಪ್ರತಿಸಲವೂ ನನ್ನ ಜೀವ ಬಾಯಿಗೆ ಬಂದು ವಾಪಸು ಹೋಗುತ್ತಿತ್ತು.

"ನೀನು ಹೀಗೆ ಯಮದೂತನ ಥರ ನಿಂತ್ರೆ ನನ್ನ ಕೈ ನಡುಗುತ್ತೆ. ಹೋಗಿ ಟೀ ಕುಡಿ."

ರೋಲು ದಪ್ಪವಾಗುತ್ತಿತ್ತು. ದಪ್ಪವಾದಷ್ಟೂ ಅಂಚು ಹೆಚ್ಚು ಸುರುಳುತ್ತದೆ, ಕೈ ಒಳಗಿರುವ ಹೊತ್ತೂ ಹೆಚ್ಚು. ಅವಳು ಎಡದ ಅಂಚು ಸವರಿ, ಆ ಕಡೆಗೆ ನಡೆದು ಬಲದ ಅಂಚು ಸವರಿ, ಮತ್ತೆ ಎಡಕ್ಕೆ ಬಂದು ಮಣಿಕಟ್ಟಿನವರೆಗೂ ಕೈಯಿಟ್ಟು, ಮಡಿಸುವ ಮೇಜಿನವಳ ಜೊತೆ ಯಾವುದೋ ಹರಟೆ ಹೊಡೆಯುತ್ತ ಹಾಗೇ ನಿಂತಳು. ಆಗ ನನಗೊಂದು ವಿಷಯ ಹೊಳೆಯಿತು. ಬೆಳಿಗ್ಗೆಯಿಂದ ನಾವು ಪರೀಕ್ಷೆ ಮಾಡಿದ್ದು ಯಂತ್ರ ಹೇಗೆ ನಿಲ್ಲುತ್ತದೆ ಎಂಬುದನ್ನು. ನಿಂತದ್ದು ನಿಂತೇ ಇರುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ನಿಂತ ಕೂಡಲೇ ಮತ್ತೆ ಓಡಿಸುತ್ತಿದ್ದೆವು. ಅದೂ ಪುಟ್ಟ ರೋಲಿನಲ್ಲಿ.

"ಕೈ ತೆಗಿ," ಎಂದು ಕೂಗಿದೆ. ಅವಳು ಬೆಚ್ಚಿ ಕೈ ಎಳೆದುಕೊಂಡಳು. ನಾನು ಹೋಗಿ ಮೇನ್ ಸ್ವಿಚ್ ಇಳಿಸಿ, ಡ್ರೈವ್ ಕೂರಿಸಿದ್ದ ಪ್ಯಾನೆಲ್ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಆಮೇಲೆ ಆದ ಜಗಳವನ್ನು ಪೂರ್ತಿ ಬರೆಯುವುದಿಲ್ಲ. ಕೀಲಿ ಕೊಡದಿದ್ದರೆ ನಾಳೆಯಿಂದ ಬರಬೇಡಿ ಎಂದು ಮ್ಯಾನೇಜರ್ ಹೇಳಿದರು. ಲಾರಿಗೆ ಬೇಕಾದ ಬಟ್ಟೆ ನೀವೇ ಸುತ್ತಿಕೊಳ್ಳಿ ಎಂದು ನಾನು ಹೇಳಿದೆ. ತಂಗಿ ಇಬ್ಬರಿಗಿಂತ ಹೆಚ್ಚು ಉರಿಯುತ್ತಿದ್ದಳು.

"ಇಷ್ಟು ಜನರ ಮುಂದೆ ನನ್ನನ್ನ ಮಗು ಥರ ಕೂಗಿದೆಯಲ್ಲ. ನನ್ನ ಕೈ, ನನಗೆ ಗೊತ್ತಿಲ್ವಾ?"

"ನಿನ್ನ ಕೈ ಗೊತ್ತು. ಪೆಟ್ಟಿಗೆ ಗೊತ್ತಿಲ್ಲ."

"ನಿನಗೆ ಗೊತ್ತಾ?"

"ಗೊತ್ತಿಲ್ಲ ಅಂತಾನೇ ಅಲ್ವಾ ಹೇಳ್ತಿರೋದು ಬೆಳಿಗ್ಗೆಯಿಂದ."

ಇಂಜಿನಿಯರ್ ಇದನ್ನೆಲ್ಲ ಕೇಳಿಕೊಂಡು ಟೂಲ್ ಬ್ಯಾಗಿನ ಮೇಲೆ ಕೂತಿದ್ದ. ನಿಧಾನವಾಗಿ ಎದ್ದು, "ಒಂದು ಸುಳ್ಳು ಕೈ ಮಾಡೋಣ," ಎಂದ. "ಇವರು ಮಾಡಿದ ಹಾಗೇ ಮಾಡೋಣ. ಇವರಷ್ಟೇ ಹೊತ್ತು ಒಳಗಿಡೋಣ. ಏನೂ ಆಗದಿದ್ರೆ ಇಬ್ಬರೂ ಕ್ಷಮೆ ಕೇಳ್ತೀವಿ."

"ನಾನು ಕೇಳಲ್ಲ," ಎಂದೆ.

"ನಾನೊಬ್ಬನೇ ಕೇಳ್ತೀನಿ."

ನನ್ನ ಹಳೆಯ ಖಾಕಿ ಅಂಗಿಯ ತೋಳು ಕತ್ತರಿಸಿದೆವು. ಒಳಗೆ ಚಿಂದಿ ಬಟ್ಟೆ ತುರುಕಿ, ಮೂಳೆಗೆಂದು ಪೊರಕೆಕಡ್ಡಿಯ ಕಟ್ಟೊಂದನ್ನು ತೂರಿಸಿ, ತುದಿಗೆ ಕೈಗವಸು ಹೊಲಿದೆವು. ಹೊಲಿದವಳು ತಂಗಿಯೇ. ಕೋಪದಲ್ಲಿದ್ದರೂ ಹೊಲಿಗೆ ಅಂಕುಡೊಂಕಾದರೆ ಅವಳು ಸಹಿಸುವುದಿಲ್ಲ. "ನಿನ್ನ ಕೈ ಥರಾನೇ ಆಯ್ತು," ಎಂದಳು ನನಗೆ. "ಒಂದು ಕೆಲಸಕ್ಕೂ ಬರಲ್ಲ." ಅದನ್ನು ಉದ್ದನೆಯ ಕೋಲಿಗೆ ಕಟ್ಟಿದೆವು.

ನಾನು ಬೀಗ ತೆಗೆದೆ. ಅವಳು ಪೆಡಲ್ ಒತ್ತಿ ಸುತ್ತಿದಳು, ನಿಲ್ಲಿಸಿದಳು. ದೂರ ನಿಂತು ಕೋಲಿನಿಂದ ಸುಳ್ಳು ಕೈಯನ್ನು ಸಂದಿಗೆ ತೂರಿಸಿದಳು. ಎಡದ ಅಂಚು. ಬಲದ ಅಂಚು. ಮತ್ತೆ ಎಡ. ನಿಂತೆವು. ಏನೂ ಆಗಲಿಲ್ಲ. ಮತ್ತೆ ಸುತ್ತಿದೆವು, ನಿಂತೆವು. ಏನೂ ಇಲ್ಲ. ಮ್ಯಾನೇಜರ್ ನಾಟಕ ಸಾಕು ಎಂದರು. ಇನ್ನೂ ಸ್ವಲ್ಪ ಸುತ್ತು, ರೋಲು ತುಂಬಲಿ ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಏನಾದರೂ ಆಗಲಿ ಎಂದು ಬೇಡಿಕೊಳ್ಳುತ್ತಿದ್ದೆನೋ, ಆಗದಿರಲಿ ಎಂದೋ, ತಿಳಿಯುತ್ತಿರಲಿಲ್ಲ. ಆಗದಿದ್ದರೆ ಅವಳು ನಾಳೆಯಿಂದ ನಿಶ್ಚಿಂತೆಯಾಗಿ ಕೈ ಹಾಕುತ್ತಾಳೆ, ನಾನು ದಿನಾ ಸಾಯುತ್ತೇನೆ.

ರೋಲು ಹೆಚ್ಚುಕಡಿಮೆ ತುಂಬಿತ್ತು. ನಿಲ್ಲಿಸಿದಳು. ಸುಳ್ಳು ಕೈ ಒಳಗೆ ಹೋಯಿತು. ಎಡ, ಬಲ, ಮತ್ತೆ ಎಡ. ಅವಳು ಬೇಕೆಂದೇ ಮಡಿಸುವ ಮೇಜಿನ ಕಡೆ ತಿರುಗಿ, "ಏನೇ, ಸಂಜೆಗೆ ಏನು ಅಡುಗೆ?" ಎಂದಳು.

ಆಗ ರೋಲು ಹಿಂದಕ್ಕೆ ಸರಿಯಿತು. ಜಾಸ್ತಿಯೇನಲ್ಲ, ಒಂದು ಗೇಣು. ಸದ್ದೂ ಆಗಲಿಲ್ಲ. ಬಿಗಿದಿದ್ದ ಬಟ್ಟೆ ಸಡಿಲವಾಯಿತು. ಖಾಕಿ ತೋಳು ಮೊಣಕೈವರೆಗೂ ಒಳಗೆ ಹೋಯಿತು, ಕಡ್ಡಿಗಳು ಲಟಲಟ ಮುರಿದವು. ಆಮೇಲೆ ಯಂತ್ರ ಏನೂ ಅರಿಯದ ಹಾಗೆ ನಿಂತಿತು.

ಮೇಜಿನವಳು ಏನು ಅಡುಗೆ ಎಂದು ಹೇಳಲು ತೆರೆದ ಬಾಯಿ ಹಾಗೇ ಇತ್ತು. ತಂಗಿ ಕೋಲನ್ನು ಎಳೆದು ನೋಡಿದಳು. ಬರಲಿಲ್ಲ. ಮೆಲ್ಲಗೆ ಕೈಬಿಟ್ಟಳು.

ಇಂಜಿನಿಯರ್ ಪ್ಯಾನೆಲ್ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೀಪ್ಯಾಡ್ ಒತ್ತತೊಡಗಿದ. ತುಂಬ ಹೊತ್ತಾದ ಮೇಲೆ ಹೇಳಿದ, "ಸಿಕ್ತು. ನಿಂತ ಮೇಲೆ ಮೋಟಾರನ್ನ ಒಂದಷ್ಟು ಹೊತ್ತು ಬಿಗಿಯಾಗಿ ಹಿಡಿದಿರುತ್ತೆ, ಆಮೇಲೆ ಬಿಟ್ಟುಬಿಡುತ್ತೆ. ಮೋಟಾರ್ ಬಿಸಿಯಾಗಬಾರದು ಅಂತ ಫ್ಯಾಕ್ಟರಿಯಿಂದ ಹಾಗೇ ಬರುತ್ತೆ. ರೋಲು ಸಣ್ಣದಾದ್ರೆ ಬಿಟ್ರೂ ಅಲ್ಲೇ ಇರುತ್ತೆ. ದೊಡ್ಡದಾದ್ರೆ ಬಟ್ಟೆ ಹಿಂದಕ್ಕೆ ಎಳೆಯುತ್ತೆ."

"ಹಳೇದು?"

"ಬಿಡ್ತಾನೇ ಇರಲಿಲ್ಲ ಅನ್ಸುತ್ತೆ. ಯಂತ್ರ ಮಾಡಿದವರು ಹಾಗೆ ಇಟ್ಟು ಬೀಗ ಹಾಕಿದಾರೆ. ಇಷ್ಟು ವರ್ಷ ಹಿಡಿದೂ ಹಿಡಿದೂ ಕಾದು ಹೋಯ್ತು."

ಹಳೆಯ ಪೆಟ್ಟಿಗೆ ನೆಲದ ಮೇಲೆ ಬಿದ್ದಿತ್ತು. ನಾನು ಅದಕ್ಕೆ ಎಷ್ಟೆಲ್ಲ ಬೈದಿದ್ದೆ.

ಅವನು ಹೊಸದನ್ನೂ ಬಿಡದಂತೆ ಮಾಡಿದ. ತುಂಬಿದ ರೋಲಿನಲ್ಲೇ ನಿಲ್ಲಿಸಿ, ಇನ್ನೊಂದು ತೋಳು ತುಂಬಿಸಿ ಒಳಗಿಟ್ಟೆವು. ಕಾದೆವು. ಮ್ಯಾನೇಜರ್ ನಿಂತು ನಿಂತು ಬಟ್ಟೆ ಮೂಟೆಯ ಮೇಲೆ ಕೂತರು. ರೋಲು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಮೋಟಾರ್ ಮೇಲೆ ಕೈಯಿಟ್ಟು ನೋಡಿದೆ, ಬಿಸಿಯಾಗತೊಡಗಿತ್ತು.

"ಇನ್ನೇನಾದರೂ ಉಳಿದಿದೆಯಾ ಆ ಬೀಗದೊಳಗೆ?" ಎಂದು ಇಂಜಿನಿಯರನ್ನು ಕೇಳಿದೆ.

"ಇರಬಹುದು."

"ಇರಬಹುದು ಅಂದ್ರೆ ನಾನು ನಿದ್ದೆ ಹೇಗೆ ಮಾಡಲಿ?"

"ನಾನೂ ಹಾಗೇ ಮಾಡ್ತೀನಲ್ಲ," ಎಂದ. ಈ ಸಲ ತಮಾಷೆ ಅಲ್ಲ ಅಂತ ಗೊತ್ತಾಯಿತು. ಮತ್ತೆ ಹೇಳಿದ, "ಮೋಟಾರ್ ಬಿಸಿಯಾಗುತ್ತೆ ಅಂತ ನಾಳೆ ಯಾರಾದರೂ ಇದನ್ನ ಬದಲಾಯಿಸಿದ್ರೆ ಕಷ್ಟ. ಪಾಸ್‌ವರ್ಡ್ ಹಾಕಲಾ?"

"ಹಾಕಿ," ಎಂದರು ಮ್ಯಾನೇಜರ್. ನಾನೂ ಹಾಕಿ ಎಂದೆ. ಬಾಯಿಂದ ಬಂದೇಬಿಟ್ಟಿತು. ಯಾರೂ ಮುಟ್ಟಬಾರದು, ಯಾರೂ ನೋಡಬಾರದು, ಅವಳ ಕೈ ಉಳಿಯಬೇಕು, ಅಷ್ಟೇ.

ತಂಗಿ ನನ್ನ ಮುಖವನ್ನೇ ನೋಡಿದಳು. "ಇದೂ ಒಂದಿನ ಸುಟ್ಟುಹೋಗುತ್ತೆ ಅಲ್ವಾ? ಅಷ್ಟೊತ್ತಿಗೆ ನೀನೂ ಹೋಗಿರ್ತೀಯ. ಆಗ ಇಲ್ಲಿ ಯಾವಳು ನಿಂತಿರ್ತಾಳೋ ಅವಳು ಪಾಸ್‌ವರ್ಡು ಯಾರ ಹತ್ರ ಕೇಳಬೇಕು, ಅತ್ತಿಗೆ ಹತ್ರಾನಾ?"

ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಬೆಳಿಗ್ಗೆಯಿಂದ ಆ ಕಂಪನಿಯವರ ಏಳು ತಲೆಮಾರನ್ನು ಜಾಲಾಡಿದ್ದೆ. ಅವರಿಗೂ ಇಂಥದೇ ಒಂದು ಭಯ ಇತ್ತೋ ಏನೋ. ಇದ್ದರೂ ನಾನು ಅವರನ್ನು ಬಿಡುವುದಿಲ್ಲ. ಭಯ ಇದ್ದವನು ಬಾಗಿಲ ಮೇಲೆ ಬರೆದು ಹೋಗಬೇಕಿತ್ತು.

"ಬೇಡ, ಬೀಗ ಹಾಕಬೇಡಿ," ಎಂದೆ.

"ಯಾವನಾದರೂ ಕೈಯಾಡಿಸಿದ್ರೆ ನೀವೇ ಹೊಣೆ," ಎಂದರು ಮ್ಯಾನೇಜರ್.

"ನಾನಲ್ಲದೆ ನೀವು ಆಗ್ತೀರಾ?"

ಕೆಂಪು ಬಣ್ಣದ ಡಬ್ಬಿ ತಂದು ಪ್ಯಾನೆಲ್ ಬಾಗಿಲ ಮೇಲೆ ಬರೆದೆ. ನಿಂತ ಮೇಲೆ ಮೋಟಾರು ಹಿಡಿತ ಬಿಡಬಾರದು, ರೋಲಿನ ಸಂದಿಯಲ್ಲಿ ಕೈ ಇರುತ್ತದೆ, ಬಿಟ್ಟರೆ ರೋಲು ಹಿಂದಕ್ಕೆ ಬರುತ್ತದೆ, ಎಂದು. ಅದರ ಕೆಳಗೆ ಆ ಸೆಟ್ಟಿಂಗ್ ಎಲ್ಲಿದೆ, ಎಷ್ಟಿದೆ ಎಂಬುದನ್ನು ಇಂಜಿನಿಯರ್ ಹೇಳಿದಂತೆ ಬರೆದೆ. ನನ್ನ ಅಕ್ಷರ ಗುಂಡಗಿಲ್ಲ, ಆದರೆ ದೂರದಿಂದ ಕಾಣುತ್ತದೆ. ಓದುವವರು ಓದುತ್ತಾರೆ. ಓದಿಯೂ ಬದಲಾಯಿಸುವವನೊಬ್ಬ ಇದ್ದರೆ? ಆ ಯೋಚನೆಗೆ ಯಾವ ಬಣ್ಣದಲ್ಲೂ ಉತ್ತರ ಬರೆಯಲಾಗುವುದಿಲ್ಲ.

"ಇನ್ನು ಶುರು ಮಾಡಬಹುದಾ?" ಎಂದು ಮ್ಯಾನೇಜರ್ ಕೇಳಿದರು. ಈ ಸಲ ನನ್ನನ್ನಲ್ಲ, ಅವಳನ್ನು.

ಬೇಡ ಅನ್ನಲು ನನ್ನಲ್ಲಿ ಒಂದು ಕಾರಣವೂ ಉಳಿದಿರಲಿಲ್ಲ. ಅವಳು ಹೊಸ ರೋಲು ಹಾಕಿ ಯಂತ್ರ ಹೊರಡಿಸಿದಳು. ನಾನು ಕೆಂಪು ಗುಂಡಿಯ ಹತ್ತಿರ ಹೋದೆ. ಅವಳು ಹೋಗು ಎನ್ನಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಪೆಡಲ್ ಒತ್ತಿದಳು. ರೋಲು ಮೆಲ್ಲಗಾಗಿ ನಿಂತಿತು. ಎಡದ ಅಂಚು ಕಿರುಬೆರಳಿನಷ್ಟು ಸುರುಳಿಕೊಂಡಿತ್ತು. ಅವಳು ಕೈ ಮುಂದೆ ಮಾಡಿದಳು. ಬೆರಳುಗಳು ಸಂದಿಯ ಬಾಯಿಗೆ ಹೋಗಿ ನಿಂತವು. ಒಂದು ಸಲ ಉಸಿರೆಳೆದುಕೊಂಡು ಒಳಗೆ ತೂರಿಸಿದಳು, ಒಮ್ಮೆ ಸವರಿ ಎಳೆದುಕೊಂಡಳು. ಕೆಂಡ ಮುಟ್ಟಿದವರು ಎಳೆದುಕೊಳ್ಳುವ ಹಾಗೆ. ರೋಲು ಅಲ್ಲಾಡಿರಲಿಲ್ಲ. ಅಂಚೂ ಕೂತಿರಲಿಲ್ಲ.

ಅವಳು ಅದನ್ನು ನೋಡಿದಳು. ಮತ್ತೆ ಕೈ ಹಾಕುತ್ತಾಳೆ ಎಂದುಕೊಂಡೆ. ಅರ್ಧ ಕೂತ ಅಂಚು ಅವಳ ಕಣ್ಣಿಗೆ ಮುಳ್ಳು ಎಂಬುದು ಇಡೀ ಮಿಲ್ಲಿಗೆ ಗೊತ್ತು. ಬೆಳಿಗ್ಗೆಯಿಂದ ನನಗೆ ಬೇಕಿದ್ದದ್ದು ಅವಳ ಕೈ ಹೊರಗಿರುವುದು. ಈಗ ಅದು ಹೊರಗಿತ್ತು, ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಇರಲಿ ಬಿಡು," ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಮತ್ತೆ ಪೆಡಲ್ ಒತ್ತಿದಳು. ರೋಲು ಹೊರಟಿತು, ಆ ಮಡಿಕೆ ಮೇಲಕ್ಕೆ ಹೋಗಿ, ಒಂದು ಸುತ್ತು ಬಂದು, ಮುಂದಿನ ಪದರದ ಕೆಳಗೆ ಮುಚ್ಚಿಹೋಯಿತು.